ಭೀಮಗೊಂಡ ಕಾಕಾರ ಮೊದಲ ‘ಇಲ್ಲ’

ಚಿಕ್ಕೋಡಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಬೇಕೆಂದು ಹುಡುಕಿಕೊಂಡು ಹೊರಟವರು ಯಾರಾದರೂ ಇದ್ದರೆ ನನ್ನ ಕಷ್ಟ ಅವರಿಗೆ ಅರ್ಥವಾದೀತು. ನಾನು ತ್ರಿಶಲಾ, ಇಲ್ಲಿಯ ಒಂದು ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳುವವಳು. ಐದು ವರ್ಷದ ಹಿಂದೆ ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆದು, ಕಾಲೇಜಿನ ಎಥಿಕ್ಸ್ ಕಮಿಟಿಗೆ ನೀವೇ ಸದಸ್ಯ ಕಾರ್ಯದರ್ಶಿ ಎಂದರು. ಮನುಷ್ಯರ ಮೇಲೆ ಯಾವ ಸಂಶೋಧನೆ ಮಾಡುವುದಿದ್ದರೂ ಮೊದಲು ಈ ಕಮಿಟಿ ಒಪ್ಪಬೇಕು. ಔಷಧ ಕೊಡುವವರು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆಯೇ, ತೆಗೆದುಕೊಳ್ಳುವವರು ತಿಳಿದು ಒಪ್ಪಿದ್ದಾರೆಯೇ, ಬೇಡವೆಂದವರನ್ನು ಅವರ ಪಾಡಿಗೆ ಬಿಡುತ್ತಾರೆಯೇ ಎಂದು ನೋಡುವುದು ಇದರ ಕೆಲಸ. ಕಮಿಟಿಯಲ್ಲಿ ವೈದ್ಯರಿರಬೇಕು, ವಕೀಲರಿರಬೇಕು, ಅವರ ಜೊತೆಗೆ ಕಡ್ಡಾಯವಾಗಿ ಒಬ್ಬ ‘ಸಾಮಾನ್ಯ ವ್ಯಕ್ತಿ’ ಇರಬೇಕು. ಆ ವ್ಯಕ್ತಿ ಬರದಿದ್ದರೆ ಕೋರಂ ಇಲ್ಲ, ಕೋರಂ ಇಲ್ಲದಿದ್ದರೆ ಸಭೆಯೇ ಇಲ್ಲ.

ವೈದ್ಯರು ಸಿಕ್ಕರು, ವಕೀಲರೂ ಸಿಕ್ಕರು. ಸಾಮಾನ್ಯ ವ್ಯಕ್ತಿ ಮಾತ್ರ ಸಿಗಲಿಲ್ಲ. ನಿವೃತ್ತ ಹೆಡ್‌ಮಾಸ್ತರೊಬ್ಬರ ಮನೆಗೆ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಕೆಳಗಿಟ್ಟರು. “ಮೂವತ್ನಾಕ ವರ್ಷ ಮಾಸ್ತರಿಕಿ ಮಾಡೇನಿ. ಜಿಲ್ಲಾ ಪ್ರಶಸ್ತಿ ತಗೊಂಡೇನಿ. ನಾ ಸಾಮಾನ್ಯೇನವಾ?” ಎಂದರು. ಬಸ್ ಸ್ಟ್ಯಾಂಡಿನ ಹತ್ತಿರದ ದರ್ಜಿಯನ್ನು ಕೇಳಿದೆ. “ಬಾಯರ, ಎಮ್ಮೆಲ್ಲೆ ಸಾಹೇಬ್ರ ಜುಬ್ಬಾ ಹೊಲಿಯೋದು ನಾ. ಬ್ಯಾರೇ ಯಾರರ ಸಾಮಾನ್ಯ ಮಂದಿ ನೋಡ್ರಿ” ಎಂದ. ಅಥಣಿಯ ದ್ರಾಕ್ಷಿ ತೋಟದವರೊಬ್ಬರಂತೂ ಸಿಟ್ಟಿಗೆದ್ದು ಚಹಾ ಕೂಡ ಕೊಡಲಿಲ್ಲ. ಈ ಸೀಮೆಯಲ್ಲಿ ಸಾಮಾನ್ಯರು ಯಾರೂ ಉಳಿದಿಲ್ಲ ಎಂದು ಪ್ರಿನ್ಸಿಪಾಲರಿಗೆ ಬರೆದುಕೊಡುವ ಯೋಚನೆಯಲ್ಲಿದ್ದಾಗ ನನಗೆ ಕಬ್ಬೂರಿನ ಭೀಮಗೊಂಡ ಕಾಕಾ ನೆನಪಾದರು.

ಕಾಕಾರನ್ನು ನಾನು ಬಲ್ಲದ್ದು ಅದಕ್ಕೂ ಏಳು ವರ್ಷದ ಹಿಂದೆ, ನನ್ನ ಎಂ.ಡಿ. ಪ್ರಬಂಧದ ಕಾಲದಲ್ಲಿ. ಮೆಂತೆ, ನೇರಳೆ ಬೀಜ, ಬೇವು ಮೊದಲಾದವು ಸೇರಿದ ಒಂದು ಪುಡಿ ಮಾಡಿ, ಸಕ್ಕರೆ ಕಾಯಿಲೆಯ ಮೂವತ್ತು ಮಂದಿಗೆ ಮೂರು ತಿಂಗಳು ಕೊಟ್ಟಿದ್ದೆ. ಇಪ್ಪತ್ತೊಂಬತ್ತು ಮಂದಿ ನನ್ನ ಜೀವ ತಿಂದರು. ಒಬ್ಬರು ಪುಡಿ ಕಹಿ ಅಂದರು, ಒಬ್ಬರು ಮದುವೆಗೆ ಹೋಗಿ ಹದಿನೈದು ದಿನ ಬರಲಿಲ್ಲ, ಒಬ್ಬರು ಸೂಜಿ ಕಂಡು ಹಿತ್ತಲ ಬಾಗಿಲಿನಿಂದ ಓಡಿದರು. ಹದಿನೇಳನೇ ನಂಬರಿನ ಭೀಮಗೊಂಡ ಕಾಕಾ ಮಾತ್ರ ಬಂಗಾರ. ನಾನು ಸ್ಕೂಟಿಯಲ್ಲಿ ಹೋಗುವಷ್ಟರಲ್ಲಿ ತೋಳು ಮೇಲೆ ಮಾಡಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಖಾಲಿ ಪೊಟ್ಟಣಗಳನ್ನು ಎಣಿಸಿ, ದಾರ ಕಟ್ಟಿ ಕೊಡುತ್ತಿದ್ದರು. ಮೂರು ತಿಂಗಳಲ್ಲಿ ಅವರ ಬರಿಹೊಟ್ಟೆಯ ಸಕ್ಕರೆ ಇನ್ನೂರ ಹನ್ನೆರಡರಿಂದ ನೂರ ಹದಿನೆಂಟಕ್ಕೆ ಇಳಿಯಿತು. ನನ್ನ ಪ್ರಬಂಧದ ನಡುವೆ ಒಂದು ಇಡೀ ಪುಟದ ನಕ್ಷೆ ಇದೆ, ಅದು ಹದಿನೇಳನೇ ನಂಬರಿನದು. ಪರೀಕ್ಷೆಗೆ ಬಂದವರು ಆ ಪುಟ ನೋಡಿಯೇ ತಲೆದೂಗಿದ್ದು.

ಹಾಗಾಗಿ ಕಬ್ಬೂರಿಗೆ ಹೋಗಿ ಕೇಳಿದೆ. “ಕಾಕಾ, ನಮ್ಮ ಕಮಿಟ್ಯಾಗ ಒಬ್ಬ ಸಾಮಾನ್ಯ ವ್ಯಕ್ತಿ ಬೇಕಾಗ್ಯಾರ. ನೀವು ಆಗತೀರೇನ್ರಿ?”

“ಆತ್ ತಗೋರಿ” ಎಂದರು ಕಾಕಾ.

ಒಳಗಿನಿಂದ ಅವರ ಹೆಂಡತಿ ತಾರಾಬಾಯಿ ಕೂಗಿದರು. “ಏನಂತ ಕೇಳದ ಹೂಂ ಅಂದ್ರೇನು? ನಿಮ್ಮ ಬಾಯಿಗೆ ಇಲ್ಲಾ ಅನ್ನೂದು ಒಂದ್ ದಿನಾ ಬರೂದಿಲ್ಲ ಬಿಡ್ರಿ.”

ಅದು ಗದರಿಕೆಯಲ್ಲ, ನಲವತ್ತು ವರ್ಷದ ಅನುಭವ. ನಮ್ಮ ಕಡೆ ಇದಕ್ಕೆ ಭಿಡೆ ಅನ್ನುತ್ತೇವೆ. ಎದುರಿಗೆ ಕೂತವರ ಮುಖ ಸಣ್ಣದಾಗಬಾರದು ಎಂದು ನಮ್ಮ ಬಾಯಿಯನ್ನು ನಾವೇ ಕಟ್ಟಿಕೊಳ್ಳುವುದು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಇರುತ್ತದೆ. ದೇವರು ಕಬ್ಬೂರಿಗೆ ಕೊಟ್ಟಿದ್ದ ಪಾಲನ್ನೆಲ್ಲ ಕಾಕಾ ಒಬ್ಬರೇ ತೆಗೆದುಕೊಂಡಿದ್ದರು. ಅವರ ಮದುವೆಯಾದದ್ದೂ ಹಾಗೇ. ದೊಡ್ಡಪ್ಪನ ಮಗ ವೃಷಭನಿಗೆ ಹೆಣ್ಣು ನೋಡಲು ಕಾಗವಾಡಕ್ಕೆ ಜೊತೆಯಾಗಿ ಹೋಗಿದ್ದರಂತೆ. ವೃಷಭನಿಗೆ ಹುಡುಗಿಯ ಮನೆ ಹಿಡಿಸಲಿಲ್ಲವೋ ಏನೋ, ಎಲೆ ಅಡಿಕೆ ತರುತ್ತೇನೆಂದು ಹೊರಗೆ ಹೋದವನು ಸೀದಾ ಬಸ್ಸು ಹತ್ತಿದ. ಹುಡುಗಿಯ ತಂದೆ ಅವಲಕ್ಕಿಯ ತಾಟು ಮುಂದಿಟ್ಟು, ಉಳಿದಿದ್ದ ಹುಡುಗನನ್ನೇ ಕೇಳಿದರು, “ಹುಡುಗಿ ಮನಸಿಗೆ ಬಂದ್ಳೇನ್ರಿ?” ಅವಲಕ್ಕಿ ತಿನ್ನುತ್ತ ಇಲ್ಲ ಅನ್ನುವುದು ಹೇಗೆ? ಕಾಕಾ, “ಬಂದ್ಳ್ರಿ” ಎಂದರು. ಆ ಹುಡುಗಿಯೇ ತಾರಾಬಾಯಿ. ಎಲ್ಲ ಭಿಡೆಯ ಕಥೆಗಳೂ ಇಷ್ಟು ಚೆನ್ನಾಗಿ ಮುಗಿಯುವುದಿಲ್ಲ.

ಊರಿನ ಸೊಸೈಟಿ ಚುನಾವಣೆಗೆ ನಾಲ್ಕು ಜನ ಬಂದು ನಿಲ್ಲಿ ಎಂದಾಗ ನಿಂತರು. ಎದುರಾಳಿ ಲಗಮಣ್ಣ ಮನೆಗೆ ಬಂದು ಕೈಮುಗಿದು ವೋಟು ಕೇಳಿದ. ಅಷ್ಟು ದೂರ ಬಂದಿದ್ದಾನೆ ಎಂದು ಕಾಕಾ ತಮ್ಮ ವೋಟನ್ನು ಅವನಿಗೇ ಹಾಕಿದರು, ಒಂದು ವೋಟಿನಿಂದ ಸೋತರು. ಗಡಿ ಗಲಾಟೆಯ ಕಾಲದಲ್ಲಿ ಒಂದು ದಿನ ಕನ್ನಡದವರ ಮೆರವಣಿಗೆಯಲ್ಲಿ ಬಾವುಟ ಹಿಡಿದರು, ಮರುದಿನ ಗೆಳೆಯರು ಕರೆದರೆಂದು ಮರಾಠಿಯವರ ಮೆರವಣಿಗೆಯಲ್ಲಿ. ಎರಡೂ ಭಾಷೆಯ ಪತ್ರಿಕೆಯಲ್ಲಿ ಅವರ ಫೋಟೋ ಬಂತು. ಎರಡೂ ಕಡೆಯವರು ಮನೆಗೆ ಬಂದು ಬೈದರು, ಇಬ್ಬರಿಗೂ ಕಾಕಾ ಹೂಂ ಅಂದರು. ಅವರ ಪಡಸಾಲೆಯಲ್ಲಿ ಇವತ್ತಿಗೂ ಮೂರು ನೀರಿನ ಫಿಲ್ಟರುಗಳಿವೆ, ಮೂವರು ಬೇರೆ ಬೇರೆ ಮಾರಾಟದ ಹುಡುಗರು ಹಾಕಿ ಹೋದವು. ನೀರು ಕುಡಿಯುವುದು ಮಾತ್ರ ಬಾವಿಯದು, ತಾರಾಬಾಯಿ ಬಟ್ಟೆಯಲ್ಲಿ ಸೋಸಿದ್ದು.

ನಮ್ಮ ಕಮಿಟಿಗೆ ಇಂಥವರು ಸಿಕ್ಕದ್ದು ನನ್ನ ಪುಣ್ಯ ಎಂದುಕೊಂಡೆ. ಈಗ ನಾಚಿಕೆಯಾಗುತ್ತದೆ, ಆದರೆ ಆಗ ಹಾಗೇ ಅಂದುಕೊಂಡೆ. ನಾಲ್ಕು ವರ್ಷದಲ್ಲಿ ಹದಿಮೂರು ಸಭೆಗಳಾದವು. ಕಾಕಾ ಬಿಳಿ ಟೋಪಿ ಹಾಕಿಕೊಂಡು, ಚೀಲದಲ್ಲಿ ಹೊಲದ ಪೇರಲ ಹಣ್ಣು ತುಂಬಿಕೊಂಡು ಬರುತ್ತಿದ್ದರು. ಮೊದಲು ಸಹಿ ಮಾಡುತ್ತಿದ್ದರು, ಆಮೇಲೆ ನಾವು ಪ್ರಸ್ತಾವ ಓದುತ್ತಿದ್ದೆವು. ಅಧ್ಯಕ್ಷರಾದ ಭೂಪಾಲ ಸರ್, ಅಥಣಿಯ ಹಿರಿಯ ವೈದ್ಯರು, ಕೊನೆಗೆ ಅವರ ಕಡೆ ತಿರುಗಿ, “ಭೀಮಗೊಂಡ್ರ, ನಿಮ್ಮ ಅಭಿಪ್ರಾಯ?” ಎಂದು ಕೇಳುವರು. “ಛಲೋ ಐತ್ರಿ” ಅನ್ನುವರು ಕಾಕಾ. ಹದಿಮೂರು ಸಭೆಯ ನಡಾವಳಿಯಲ್ಲೂ ಸಾಮಾನ್ಯ ವ್ಯಕ್ತಿಯ ಅಭಿಪ್ರಾಯದ ಮುಂದೆ ‘ಛಲೋ ಐತಿ’ ಎಂದೇ ಇದೆ. ತಪಾಸಣೆಗೆ ಬಂದವರು ಇದು ನಕಲು ಮಾಡಿದ್ದೇ ಎಂದು ಕೇಳಿದ್ದೂ ಉಂಟು.

ಅವರದು ಒಂದೇ ಒಂದು ಷರತ್ತು ಇತ್ತು. ಅದನ್ನೂ ಅವರು ಹೇಳಲಿಲ್ಲ, ತಾರಾಬಾಯಿ ಫೋನ್ ಮಾಡಿ ಹೇಳಿದರು. ಕಾಕಾ ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ, ನೀರೂ ಮುಟ್ಟುವುದಿಲ್ಲ. ಹಿರಿಯ ಜೈನರಲ್ಲಿ ಈ ನೇಮ ಇಟ್ಟುಕೊಂಡವರು ನಮ್ಮಲ್ಲಿ ಬಹಳ. ನಮ್ಮ ನಿಪ್ಪಾಣಿಯ ಮನೆಯಲ್ಲಿ ಅಜ್ಜಿಯ ಕಾಲಕ್ಕೆ ಅದು ಮುಗಿಯಿತು, ನಾವೆಲ್ಲ ಒಂಬತ್ತಕ್ಕೆ ಟಿವಿ ನೋಡುತ್ತ ಉಣ್ಣುವವರು. ಕಾಕಾರಿಗಾಗಿ ನಾನು ಹದಿಮೂರು ಸಭೆಗಳನ್ನೂ ನಾಲ್ಕೂವರೆಗೆ ಮುಗಿಸಿ ಅವರನ್ನು ಕಬ್ಬೂರಿನ ಬಸ್ಸಿಗೆ ಹತ್ತಿಸಿದ್ದೇನೆ. ಅವರ ಊಟದ ಹೊತ್ತು ನನಗೆ ನನ್ನ ಊಟದ ಹೊತ್ತಿಗಿಂತ ಚೆನ್ನಾಗಿ ಗೊತ್ತಿತ್ತು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನಾನು ಇಟ್ಟುಕೊಳ್ಳಲಿಲ್ಲ.

ಹದಿನಾಲ್ಕನೇ ಸಭೆ ಹೋದ ಡಿಸೆಂಬರಿನಲ್ಲಿ. ಒಂದೇ ಪ್ರಸ್ತಾವ, ತೃಪ್ತಿ ಎಂಬ ನಮ್ಮ ಎಂ.ಡಿ. ವಿದ್ಯಾರ್ಥಿನಿಯದು. ಪುಡಿ ನನ್ನದೇ. ನಾನು ಮೂವತ್ತು ಜನಕ್ಕೆ ಕೊಟ್ಟದ್ದನ್ನು ಅವಳು ಮುಗಳಖೋಡ ಮತ್ತು ಪಾಲಬಾವಿಯ ಅರವತ್ತು ಹೆಂಗಸರಿಗೆ ಕೊಡುವವಳಿದ್ದಳು. ತಿಂಗಳ ಕೊನೆಯೊಳಗೆ ಅನುಮತಿ ಪತ್ರ ವಿಶ್ವವಿದ್ಯಾಲಯಕ್ಕೆ ಮುಟ್ಟದಿದ್ದರೆ ಹುಡುಗಿಯ ಒಂದು ವರ್ಷ ಹಾಳು. ಸಭೆಯ ಹಿಂದಿನ ದಿನ ಕಾಕಾ ನನಗೆ ಫೋನ್ ಮಾಡಿದರು.

“ಡಾಕ್ಟರಬಾಯಿ, ನಾಳಿಗಿ ನಾ ಬರಲಿಲ್ಲಂದ್ರ ನಡೀತೈತೇನ್ರಿ?”

“ಯಾಕ್ರಿ ಕಾಕಾ, ಆರಾಮ ಇಲ್ಲೇನು?”

“ಆರಾಮ ಅದೇನ್ರಿ. ಅದು… ತೃಪ್ತಿ ನಮ್ಮ ಬೀಗರ ಮಗಳ್ರಿ. ನಮ್ಮ ಸೀಮಾನ್ನ ಕೊಟ್ಟ ಮನಿ.”

ಸೀಮಾ ಅವರ ಒಬ್ಬಳೇ ಮಗಳು, ಮುಗಳಖೋಡಕ್ಕೆ ಮದುವೆಯಾಗಿ ಹೋದವಳು. ತೃಪ್ತಿ ಅವಳ ಗಂಡನ ತಂಗಿ. ನಾನು ರಾಯಬಾಗ ಕೋರ್ಟಿನ ಭರತ ವಕೀಲರಿಗೆ ಫೋನ್ ಹಚ್ಚಿದೆ, ಅವರು ನಮ್ಮ ಕಮಿಟಿಯ ಕಾನೂನು ಸದಸ್ಯರು. ಅವರು ನಿಯಮದ ಪುಸ್ತಕ ತೆಗೆದು ಓದಿದರು. “ಗಂಡ, ಹೆಂಡತಿ, ಮಕ್ಕಳು, ಅಣ್ಣತಮ್ಮರು, ವ್ಯಾಪಾರದ ಪಾಲುದಾರರು. ಇಷ್ಟ ಐತ್ರಿ ಮೇಡಂ. ಬೀಗರು ಪಟ್ಟ್ಯಾಗ ಇಲ್ಲ.” ಬೀಗರು ಸಂಬಂಧಿಗಳಲ್ಲ ಎಂದು ಬರೆದ ಪುಣ್ಯಾತ್ಮನಿಗೆ ಮಗಳಿರಲಿಲ್ಲ ಎಂದು ಕಾಣುತ್ತದೆ. ಹೆಣ್ಣು ಕೊಟ್ಟವರಿಗೆ ನಮ್ಮಲ್ಲಿ ಬೀಗರ ಮುಂದೆ ಇರುವಷ್ಟು ಭಿಡೆ ದೇವರ ಮುಂದೆಯೂ ಇಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಕಾಕಾರಿಗೆ ತಿರುಗಿ ಫೋನ್ ಮಾಡಿ, “ನೀವು ಬರಲಿಲ್ಲಂದ್ರ ಕೋರಂ ಆಗೂದಿಲ್ಲ ಕಾಕಾ. ಆ ಹುಡುಗಿದು ವರ್ಷ ಹೋಗತೈತಿ ನೋಡ್ರಿ” ಎಂದೆ.

“ವರ್ಷಾನ ಹೋಗತೈತೇನ್ರಿ?” ಎಂದರು ಕಾಕಾ. ಆಮೇಲೆ, “ಆತ್ ತಗೋರಿ” ಎಂದರು.

ಮೂರು ಗಂಟೆಯ ಸಭೆ ಅವತ್ತು ನಾಲ್ಕಕ್ಕೆ ಶುರುವಾಯಿತು, ಭೂಪಾಲ ಸರ್ ಕಾರು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತ್ತು. ಕಾಕಾ ಬಂದಿದ್ದರು, ಪೇರಲ ತಂದಿದ್ದರು, ಸಹಿ ಮಾತ್ರ ಮಾಡಿರಲಿಲ್ಲ. ನಾನು ಅದನ್ನು ಗಮನಿಸಲಿಲ್ಲ. ತೃಪ್ತಿ ಎದ್ದು ನಿಂತು ಓದಿದಳು. ಜಾಣ ಹುಡುಗಿ, ಚುರುಕು ಮಾತು. ಅರವತ್ತು ಹೆಂಗಸರು ನಲವತ್ತೈದು ದಿನ ದಿನಾ ರಾತ್ರಿ ಊಟದ ನಂತರ ಬೆಚ್ಚಗಿನ ನೀರಿನಲ್ಲಿ ಒಂದು ಚಮಚ ಪುಡಿ ತೆಗೆದುಕೊಳ್ಳುವರು. ಆ ನಲವತ್ತೈದು ದಿನ ಸಕ್ಕರೆಯ ಗುಳಿಗೆ ಬಿಡುವರು. ಗುಳಿಗೆ ಬಿಡಿಸುವುದು ಸರಿಯೇ ಎಂದು ಭೂಪಾಲ ಸರ್ ಕೇಳಿದರು.

“ಸರ್, ಹಿಂದಿನ ಅಧ್ಯಯನದಾಗ ಬರೀ ಈ ಪುಡಿಯಿಂದನ ಭಾರಿ ಪರಿಣಾಮ ಆಗೇತಿ” ಎಂದು ತೃಪ್ತಿ ಗೋಡೆಯ ಮೇಲೆ ನನ್ನ ಪ್ರಬಂಧದ ಆ ಪುಟ ತೋರಿಸಿದಳು. “ಹದಿನೇಳನೇ ನಂಬರಿನವರು. ಇನ್ನೂರ ಹನ್ನೆರಡರಿಂದ ನೂರ ಹದಿನೆಂಟು. ಒಂದ್ ಗುಳಿಗಿ ಇಲ್ಲದ.”

ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೆಂಗಸರು ಒಪ್ಪುತ್ತಾರೆಯೇ ಎಂದು ವಕೀಲರು ಕೇಳಿದರು. ಎಲ್ಲರೂ ಬಾಯಿಮಾತಿನಲ್ಲಿ ಆಗಲೇ ಹೂಂ ಅಂದಿದ್ದಾರೆ, ತನ್ನ ಅವ್ವ ಮಹಿಳಾ ಸಂಘದ ಅಧ್ಯಕ್ಷೆ, ಅವಳೇ ಮನೆ ಮನೆಗೆ ಜೊತೆಗೆ ಬಂದಿದ್ದಳು ಎಂದು ತೃಪ್ತಿ ಹೇಳಿದಳು. ಎಲ್ಲರಿಗೂ ಸಮಾಧಾನವಾಯಿತು. ಭೂಪಾಲ ಸರ್ ಎಂದಿನಂತೆ, “ಭೀಮಗೊಂಡ್ರ, ನಿಮ್ಮ ಅಭಿಪ್ರಾಯ?” ಎಂದರು. ನಾನು ನಡಾವಳಿ ಪುಸ್ತಕದಲ್ಲಿ ಅಷ್ಟರಲ್ಲೇ ‘ಛಲೋ ಐತಿ’ ಎಂದು ಬರೆದಾಗಿತ್ತು.

“ಇಲ್ರಿ” ಎಂದರು ಕಾಕಾ.

ಯಾರಿಗೂ ಅರ್ಥವಾಗಲಿಲ್ಲ. “ಏನ್ ಇಲ್ರಿ?” ಎಂದರು ಸರ್.

“ಇದು ಆಗೂದಿಲ್ರಿ.” ಕಾಕಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಡಿಸೆಂಬರಿನ ಚಳಿಯಲ್ಲಿ ಅವರ ಹಣೆಯ ಮೇಲೆ ಬೆವರಿತ್ತು. “ಆ ಹದಿನೇಳನೇ ನಂಬರ ನಾನ ರೀ.”

“ಕಾಕಾ, ಅದು ಗುಪ್ತ. ಹೆಸರು ಹೇಳಬಾರದ್ರಿ” ಎಂದೆ ನಾನು ಗಾಬರಿಯಿಂದ.

“ಹೇಳ್ಲಿಕ್ಕೇ ಬೇಕ್ರಿ ಬಾಯರ. ಆ ಪುಡಿ ನಾ ತಗೊಂಡಿಲ್ರಿ. ಎಮ್ಮಿ ತಗೊಂಡೈತಿ.”

ಎಮ್ಮೆಗೂ ಒಂದು ಹೆಸರಿದೆ, ನಾನು ಅದನ್ನು ಇಲ್ಲಿ ಬರೆಯುತ್ತಿಲ್ಲ. ಈ ಬರಹಕ್ಕೆ ಒಪ್ಪಿಗೆ ಕೇಳಿದಾಗ ಕಾಕಾ ತಮ್ಮ ಹೆಸರಿಗೆ ಒಪ್ಪಿದರು, ಎಮ್ಮೆಯದು ಗುಪ್ತ ಇರಲಿ ಎಂದರು.

ಭರತ ವಕೀಲರು ಕೋರ್ಟಿನಲ್ಲಿ ನಿಂತವರಂತೆ ಒಂದೊಂದೇ ಕೇಳುತ್ತ ಹೋದರು, ಕಾಕಾ ಹೇಳುತ್ತ ಹೋದರು. ಪುಡಿಯನ್ನು ರಾತ್ರಿ ಊಟದ ನಂತರ ತೆಗೆದುಕೊಳ್ಳಬೇಕು ಎಂದು ನಾನು ಹೇಳಿದ್ದೆ. ಅವರಿಗೆ ರಾತ್ರಿ ಊಟವೂ ಇಲ್ಲ, ನೀರೂ ಇಲ್ಲ. ಹಗಲು ತೆಗೆದುಕೊಳ್ಳಲೇ ಎಂದು ಕೇಳಲು ಭಿಡೆ. ಚೆಲ್ಲಿದರೆ ಅಷ್ಟು ಕಷ್ಟಪಟ್ಟು ಕುಟ್ಟಿದ ಪುಡಿ ಹಾಳು. ಆದ್ದರಿಂದ ದಿನಾ ಸಂಜೆ ಎಮ್ಮೆಯ ಹಿಂಡಿಯಲ್ಲಿ ಕಲೆಸಿ ಹಾಕಿದರು.

“ಮತ್ತ ನಾ ಕೇಳಿದಾಗೆಲ್ಲ ಪುಡಿ ಖಾಲಿ ಆತು ಅಂತಿದ್ರಲ್ರಿ!” ನನ್ನ ದನಿ ಏರಿತ್ತು.

“ಖಾಲಿ ಆಗಿತ್ತಲ್ರಿ. ನಾ ಸುಳ್ಳ ಹೇಳೂದಿಲ್ರಿ.”

“ದಿನಾ ತಪ್ಪದನ ಅಂತ ಕೇಳಿದ್ದೆ.”

“ಒಂದ್ ದಿನಾನೂ ತಪ್ಪಿಲ್ರಿ ಎಮ್ಮಿ.”

“ಹಂಗಾದ್ರ ಸಕ್ಕರಿ ಹೆಂಗ ಇಳೀತು?” ಎಂದು ಭೂಪಾಲ ಸರ್ ಕೇಳಿದರು. ಇದನ್ನು ಹೇಳುವಾಗ ಕಾಕಾರ ಮುಖ ಕೆಂಪಾಯಿತು. “ಡಾಕ್ಟರಬಾಯಿ ಅಷ್ಟ ಬಿಸಲಾಗ ಸ್ಕೂಟಿ ಮ್ಯಾಗ ಬರತಿದ್ರರಿ. ಸಕ್ಕರಿ ಇಳೀಲಿಲ್ಲಂದ್ರ ಅವ್ರಿಗಿ ಎಷ್ಟ ಬ್ಯಾಸರ ಆಗತೈತಿ ಅಂತ… ಚಹಾ ಬಿಟ್ಟೆ, ಬೆಲ್ಲಾ ಬಿಟ್ಟೆ, ಮುಂಜಾನಿ ಸಂಜಿಕ ಹೊಲಕ ನಡಕೋತ ಹ್ವಾದೆ. ಹಬ್ಬಕ್ಕ ಮನ್ಯಾಗ ಹೋಳಿಗಿ ಸುದ್ದಾ ಮಾಡ್ಸಲಿಲ್ರಿ.”

ಭಿಡೆಗೆ ಬಿದ್ದು ಮದುವೆಯಾದವರನ್ನು ಕೇಳಿದ್ದೇನೆ. ಭಿಡೆಗೆ ಬಿದ್ದು ತನ್ನ ರಕ್ತದ ಸಕ್ಕರೆ ಇಳಿಸಿಕೊಂಡವರು ವೈದ್ಯಶಾಸ್ತ್ರದಲ್ಲಿ ಇವರೊಬ್ಬರೇ ಇರಬೇಕು. ಭೂಪಾಲ ಸರ್ ಅಭ್ಯಾಸಬಲದಿಂದ, “ಎಮ್ಮಿಗಿ ಏನರ ತ್ರಾಸ ಆತೇನ್ರಿ?” ಎಂದರು. ಏನೂ ಆಗಲಿಲ್ಲ, ಹಾಲು ಒಂದು ತಂಬಿಗೆ ಹೆಚ್ಚೇ ಆಗಿತ್ತು ಎಂದರು ಕಾಕಾ. ವಕೀಲರು ನನ್ನ ಕಡೆ ತಿರುಗಿ, ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬೇರೆ ಕಮಿಟಿಯ ಅನುಮತಿ ಬೇಕಿತ್ತು ಮೇಡಂ ಎಂದರು. ಅವರು ನಗುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾನಂತೂ ನಗಲಿಲ್ಲ. ನನಗೆ ಬಂದದ್ದು ಸಿಟ್ಟು. “ಹನ್ನೆರಡ ವರ್ಷ ಸುಮ್ನಿದ್ದು ಇವತ್ತ ಬಾಯಿ ಬಂತೇನ್ರಿ ನಿಮಗ?” ಎಂದುಬಿಟ್ಟೆ, ತುಂಬಿದ ಸಭೆಯಲ್ಲಿ, ತಂದೆಯ ವಯಸ್ಸಿನವರಿಗೆ.

ಕಾಕಾ ತಲೆ ಎತ್ತಲಿಲ್ಲ. “ಹದಿಮೂರ ಸಲ ಕೇಳಿದ್ರಿ, ಛಲೋ ಐತಿ ಅಂದೆ. ಇವತ್ತೂ ಅಂದೇನು ಅಂತ ಬಂದಿದ್ದೆ. ಆದ್ರ ಎಮ್ಮಿ ತಿಂದ ಪುಡಿ ನಂಬಿ ಅರವತ್ತ ಮಂದಿ ಹೆಣ್ಮಕ್ಳು ಗುಳಿಗಿ ಬಿಡಬೇಕೇನ್ರಿ? ಮತ್ತ ಅವ್ರೆಲ್ಲ ಹೂಂ ಅಂದಾರ ಅಂತೀರಿ. ಸಂಘದ ಅಧ್ಯಕ್ಷರು ಮನಿಗಿ ಬಂದು ಕುಂತ್ರ ಯಾರ್ ಬ್ಯಾಡ ಅಂತಾರ್ರಿ? ಇದ್ರಾಗ ನಿಮಗೆಲ್ಲಾರಿಗಿಂತ ನಾ ಹೆಚ್ಚ ಕಲ್ತೇನ್ರಿ.”

ತೃಪ್ತಿ ಕಾಗದಗಳನ್ನು ಎತ್ತಿಕೊಂಡಳು. ಕಣ್ಣಲ್ಲಿ ನೀರಿತ್ತು. “ಮಾಮಾ, ನೀವ ಹಿಂಗ ಮಾಡ್ತೀರಿ ಅಂತ ಅನಕೊಂಡಿರಲಿಲ್ಲ. ಮನಿಗಿ ಹೋಗಿ ಅವ್ವಗ ಏನ್ ಹೇಳ್ಲಿ? ಸೀಮಾ ವೈನಿಗಿ ಏನ್ ಹೇಳ್ಲಿ?” ಎಂದು ಹೊರಗೆ ಹೋದಳು. ಕಾಕಾರ ಕೈಯಲ್ಲಿದ್ದ ಟೋಪಿ ಮುದ್ದೆಯಾಗಿತ್ತು. ಅವರು ಹೆದರಿದ್ದೇ ಆ ಒಂದು ಹೆಸರಿಗೆ. ಅವರ ‘ಇಲ್ಲ’ ಮುಗಳಖೋಡದ ಅಡುಗೆಮನೆಯಲ್ಲಿ ಮಗಳ ತಲೆಯ ಮೇಲೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದರು.

ಪ್ರಸ್ತಾವವನ್ನು ತಿದ್ದಿ ತರಬೇಕೆಂದು ವಾಪಸು ಕಳಿಸಿದೆವು. ಇಷ್ಟೆಲ್ಲ ಮುಗಿಯುವಾಗ ಕಿಟಕಿಯ ಹೊರಗೆ ಹೊತ್ತು ಮುಳುಗಿತ್ತು. ಹದಿನಾಲ್ಕು ಸಭೆಯಲ್ಲಿ ಮೊದಲ ಸಲ ಕಾಕಾರ ಊಟ ತಪ್ಪಿತು. ಕೊನೆಯ ಪಕ್ಷ ಮನೆಗಾದರೂ ಮುಟ್ಟಿಸೋಣವೆಂದು ನನ್ನ ಕಾರಿನಲ್ಲಿ ಕೂರಿಸಿಕೊಂಡೆ. ಅರ್ಧ ದಾರಿಗೆ ನಾನೇ ಕೇಳಿದೆ.

“ಕಾಕಾ, ನಾ ಆವಾಗ ನಿಮ್ಮ ಊಟದ ಹೊತ್ತು ಕೇಳಿದ್ರ ಹೇಳತಿದ್ರೇನ್ರಿ?”

“ಕೇಳಿದ್ರ ಹೇಳತಿದ್ದೆ ಬಾಯರ. ಕೇಳಿದ್ದಕ್ಕ ಹೇಳಾಕ ಏನ್ ಭಿಡೆ?”

ಅಷ್ಟೇ. ಜೈನರ ಮನೆಯ ಮಗಳು, ಆ ಅಜ್ಜಿಯ ಮೊಮ್ಮಗಳು, ಬೇರೆಯವರ ಪುಸ್ತಕ ನೋಡಿ ‘ರಾತ್ರಿ ಊಟದ ನಂತರ’ ಎಂದು ಬರೆದುಕೊಟ್ಟಿದ್ದೆ. ಆಮೇಲೆ ನಾಲ್ಕು ವರ್ಷ ಅವರ ಊಟದ ಹೊತ್ತಿಗೆ ಸಭೆ ಮುಗಿಸಿದ್ದೆ, ಎರಡನ್ನೂ ಒಂದು ದಿನವೂ ಜೋಡಿಸಿ ನೋಡಲಿಲ್ಲ. ಸಿಟ್ಟು ಯಾರ ಮೇಲೆ ಎಂದು ನನಗೆ ಆಗ ತಿಳಿಯಿತು.

ಮನೆಯಲ್ಲಿ ತಾರಾಬಾಯಿ ಗಂಡನ ಮುಖ ನೋಡಿ ಎಲ್ಲವನ್ನೂ ಕೇಳಿಸಿಕೊಂಡರು, ಸೆರಗು ಬಾಯಿಗಿಟ್ಟುಕೊಂಡು ಎಮ್ಮೆಯ ಕೊಟ್ಟಿಗೆಯ ಕಡೆ ನೋಡಿದರು. ಆಮೇಲೆ ನನಗೆ, “ಇವ್ರದಂತೂ ಇವತ್ತ ಮುಗೀತು. ನೀವರ ಉಣ್ರಿ” ಎಂದು ತಾಟು ಹಾಕಿದರು. ಸಭೆಯಲ್ಲಿ ಎರಡು ತಟ್ಟೆ ಭಜಿ, ನಾಲ್ಕು ಪೇರಲ ತಿಂದಿದ್ದೆ. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದೆ, ತಾರಾಬಾಯಿಯ ಮುಖ ಕಂಡಿತು, ಕೂತೆ. ರೊಟ್ಟಿ, ಉಳ್ಳಾಗಡ್ಡಿ ಇಲ್ಲದ ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಸಿದ ಕಾಕಾ ಎದುರಿಗೆ ಕೂತು ನನ್ನನ್ನು ನೋಡುತ್ತಿದ್ದರು. ಎರಡನೇ ರೊಟ್ಟಿ ಮುಗಿಯುವಾಗ ತಾರಾಬಾಯಿ, “ಇನ್ನೊಂದು ಹಾಕ್ಲ್ಯಾ?” ಎಂದರು.

“ಹೂಂ” ಎಂದೆ.

ಕಾಕಾ ಅವತ್ತು ಮೊದಲ ಸಲ ನಕ್ಕರು. “ಒಪ್ಪಿಗಿ ಪತ್ರ ಹಿಂಗ ಆಗತೈತ್ರಿ ಬಾಯರ” ಎಂದರು.

ಮರುದಿನದಿಂದ ಆದದ್ದನ್ನು ಬೇಗ ಹೇಳುತ್ತೇನೆ. ನಾನು ಹದಿನೇಳನೇ ನಂಬರನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ, ನನ್ನ ಪುಡಿಯ ‘ಭಾರಿ ಪರಿಣಾಮ’ದಲ್ಲಿ ‘ಭಾರಿ’ ಉಳಿಯಲಿಲ್ಲ. ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ‘ಹದಿನೇಳನೇ ಕ್ರಮಾಂಕದವರಿಗೆ ನೀಡಲಾದ ಔಷಧವನ್ನು ಸದರಿಯವರ ಬದಲಾಗಿ ಸದರಿಯವರ ಎಮ್ಮೆಯು ಸೇವಿಸಿರುವುದು ಕಂಡುಬಂದಿದೆ’ ಎಂದು ಬರೆದು ಕೆಳಗೆ ಸಹಿ ಮಾಡಿದೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಏನು ಬರುತ್ತದೋ ಎಂಬ ಅಂಜಿಕೆ ಇದೆ.

ತೃಪ್ತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು, ಮೂರನೇ ದಿನ ಕಬ್ಬೂರಿಗೇ ಹೋಗಿ ಕಾಕಾರ ಎದುರು ಕೂತಳು. ಎದುರು ಎಂದರೆ ಪೂರ್ತಿ ಎದುರಲ್ಲ. ಇಲ್ಲ ಅನ್ನಿಸಿಕೊಳ್ಳಬೇಕಾದರೆ ಮುಖ ನೋಡಿ ಕೇಳಬಾರದು ಎಂಬುದೇ ಅವರು ಅವಳಿಗೆ ಹೇಳಿದ ಮೊದಲ ಪಾಠ. ಹೊಸ ಪ್ರಸ್ತಾವದಲ್ಲಿ ಗುಳಿಗೆ ಯಾರೂ ಬಿಡುವಂತಿಲ್ಲ. ಪುಡಿಯ ಹೊತ್ತನ್ನು ಒಬ್ಬೊಬ್ಬರ ಊಟದ ಹೊತ್ತು ಕೇಳಿ ಬರೆಯಬೇಕು. ಯಾರ ಮನೆಗೂ ಅಧ್ಯಕ್ಷೆ ಹೋಗುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಚೀಟಿ, ‘ಬರುತ್ತೇನೆ’, ‘ಬರುವುದಿಲ್ಲ’. ನಾಲ್ಕು ದಿನದೊಳಗೆ ಗುರುತು ಹಾಕಿ ಅಂಗನವಾಡಿಯ ಡಬ್ಬಿಗೆ ಹಾಕಿದರೆ ಸಾಕು, ಕಾಲೇಜಿನ ನರ್ಸಮ್ಮ ಬಂದು ತೆರೆಯುತ್ತಾಳೆ. ಬರುವುದಿಲ್ಲ ಎಂದವರನ್ನು ಯಾಕೆ ಎಂದು ಯಾರೂ ಕೇಳಬಾರದು. ತಿಂಗಳು ಮುಗಿಯಲು ಮೂರು ದಿನ ಇರುವಾಗ ತುರ್ತು ಸಭೆ ಕರೆದು ಒಪ್ಪಿದೆವು, ಹುಡುಗಿಯ ವರ್ಷ ಉಳಿಯಿತು.

ಬಾಯಿಮಾತಿನಲ್ಲಿ ಹೂಂ ಅಂದಿದ್ದ ಅರವತ್ತು ಹೆಂಗಸರಲ್ಲಿ ಇಪ್ಪತ್ತಮೂರು ಜನ ಚೀಟಿಯಲ್ಲಿ ‘ಬರುವುದಿಲ್ಲ’ ಎಂದರು. ಯಾರ್ಯಾರೆಂದು ನಾನೂ ಕೇಳಲಿಲ್ಲ, ತೃಪ್ತಿಯೂ ಕೇಳಲಿಲ್ಲ. ಒಂದು ಹೆಸರು ಮಾತ್ರ ತಾನಾಗಿಯೇ ನನ್ನ ಬಳಿಗೆ ಬಂತು.

ಹದಿನಾರನೇ ಸಭೆಯ ದಿನ ಕಾಕಾ ಒಂದು ಗಂಟೆ ಮೊದಲೇ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಪೇರಲದ ಚೀಲ ಕೆಳಗಿಡುವುದನ್ನೂ ಮರೆತಿದ್ದರು.

“ಸೀಮಾ ಫೋನ್ ಮಾಡಿದ್ಲ್ರಿ.”

ನಾನು ಪೆನ್ನು ಕೆಳಗಿಟ್ಟೆ. “ಮನ್ಯಾಗ ಏನರ ಅಂದ್ರೇನ್ರಿ ಆಕಿಗಿ?”

“ಇಲ್ರಿ. ಆಕಿ ಹೆಸರೂ ಆ ಅರವತ್ತರಾಗ ಇತ್ತಂತ. ಬಸರಿದ್ದಾಗ ಸಕ್ಕರಿ ಬಂದದ್ದು ಹೋಗಿಲ್ಲ. ಅತ್ತಿ ಮುಂದ ಹೂಂ ಅಂದಿದ್ಲಂತ, ಎಲ್ಲಾರಕಿಂತ ಮೊದಲ.” ಕಾಕಾ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “‘ಅಪ್ಪಾ, ನಾನೂ ರಾತ್ರಿ ನೀರ ಮುಟ್ಟೂದಿಲ್ಲಲಾ, ಆ ಪುಡಿ ಏನ್ ಮಾಡಬೇಕು ಅಂತ ಎಂಟ ದಿನಾ ನಿದ್ದಿ ಮಾಡಿರಲಿಲ್ಲ. ನೀ ಕಮಿಟ್ಯಾಗ ಇಲ್ಲ ಅಂದಿ ಅಂತ ಕೇಳಿ ನನಗ ಧೈರ್ಯಾ ಬಂತು. ಈಗ ಹಗಲ ಕೊಡ್ತೀವಿ ಅಂದ್ರೂ ನನಗ ಮನಸಿರಲಿಲ್ಲ, ಚೀಟ್ಯಾಗ ಬರೂದಿಲ್ಲ ಅಂತ ಹಾಕಿದೆ’ ಅಂದ್ಳ್ರಿ.”

ಇಂಥ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ಕೇಳಬಾರದ್ದನ್ನೇ ಕೇಳುತ್ತೇನೆ. “ಅವ್ರ ಮನ್ಯಾಗ ಎಮ್ಮಿ ಅದಾವೇನ್ರಿ ಕಾಕಾ?”

“ಎರಡ ಅದಾವ್ರಿ” ಎಂದರು ಕಾಕಾ. ನಗುತ್ತಲೇ ಟೋಪಿಯ ತುದಿಯಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕುರ್ಚಿ ಎಳೆದು ಕೂತು, ಆ ದಿನದ ಪ್ರಸ್ತಾವವನ್ನು ಸಹಿ ಮಾಡದೆ ಮೊದಲಿನಿಂದ ಓದತೊಡಗಿದರು.